ಖುರುಮ್ ಹೋಟೆಲಿನಲ್ಲಿ ಹೆಸರು ಹೇಳಿದ್ದು

ದೇವರು ಭೀಮರಾಯನಿಗೆ ದೊಡ್ಡ ದನಿ ಕೊಟ್ಟಿದ್ದ. ಜೊತೆಗೆ, ಆ ದನಿಯನ್ನು ಪುಕ್ಕಟೆ ಬಳಸಿಕೊಂಡು ಹೆಸರು ಮರೆಯುವ ಜನರನ್ನೂ ಧಾರಾಳವಾಗಿ ಕೊಟ್ಟಿದ್ದ.

ವಿಜಯಪುರದ ಕಡೆಯವನು. ಒಮಾನಿನ ಸೊಹಾರಿನಲ್ಲಿ ಉಕ್ಕಿನ ಕಾರ್ಖಾನೆಯೊಂದರ ಕ್ರೇನ್ ವಿಭಾಗದ ಸೂಪರ್‌ವೈಸರ್. ವಾಕಿಟಾಕಿ ಕೆಟ್ಟರೂ ಬರೀ ಕೂಗಿನಿಂದ ಕ್ರೇನ್ ನಿಲ್ಲಿಸಬಲ್ಲ ಗಂಡಸು ಎಂದು ಸಾಹೇಬರು ಬೆನ್ನು ತಟ್ಟುತ್ತಿದ್ದರು. ಬಡ್ತಿಯ ಮಾತು ಬಂದಾಗ ಮಾತ್ರ ಆ ಕೂಗು ಅವರಿಗೆ ಕೇಳಿಸುತ್ತಿರಲಿಲ್ಲ. ಮಸ್ಕತ್ತಿನ ಕನ್ನಡ ಸಮಾರಂಭಗಳಲ್ಲಿ ಸ್ವಾಗತಗೀತೆ ಯಾವಾಗಲೂ ಅವನದೇ. ಆಮಂತ್ರಣದಲ್ಲಿ ಅತಿಥಿಗಳು, ಅವರ ಪದವಿಗಳು, ಊಟ ಹಾಕಿಸಿದವರು, ಊಟ ಹಾಕಿಸಿದವರ ತೀರಿಹೋದ ತಂದೆತಾಯಿ, ಎಲ್ಲರೂ ಇರುತ್ತಿದ್ದರು. ಭೀಮರಾಯ ‘ಮತ್ತು ಸಂಗಡಿಗರು’ ಎಂಬುದರೊಳಗೆ ಎಲ್ಲೋ ಇರುತ್ತಿದ್ದ. ಒಂದು ಸಲವಾದರೂ ಹಾಡಿದ ಮೇಲೆ ನಾಲ್ಕು ಜನರ ಎದುರು ತನ್ನ ಹೆಸರು ಕೇಳಿಸಬೇಕು ಎಂಬುದು ಅವನ ಆಸೆ. ಅಂಥ ದೊಡ್ಡ ಆಸೆಯೇನಲ್ಲ. ಅದಕ್ಕೇ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹೀಗಿರುವಾಗ ಕ್ಲಾರೆನ್ಸ್ ಗಂಟುಬಿದ್ದ. ಮಂಗಳೂರಿನವನು, ಮಸ್ಕತ್ತಿನ ಖುರುಮ್ ಬಡಾವಣೆಯ ಕಚೇರಿಯೊಂದರಲ್ಲಿ ನೌಕರಿ, ರಜೆಯಲ್ಲಿ ನಾನಾ ದೇಶದವರನ್ನು ಕಲೆಹಾಕಿ ಒಂದು ಗಾಯನವೃಂದ ನಡೆಸುವ ಚಟ. ಖುರುಮಿನ ದೊಡ್ಡ ಹೋಟೆಲಿನಲ್ಲಿ ‘ಲೋಕದ ಪ್ರಾರ್ಥನೆಗಳು’ ಎಂಬ ಕಾರ್ಯಕ್ರಮ ಹಮ್ಮಿಕೊಂಡಿದ್ದ.

“ದಪ್ಪ ದನಿಯವರು ನಮ್ಮಲ್ಲಿ ಯಾರೂ ಇಲ್ಲ ಮಾರಾಯ್ರೆ,” ಎಂದ ಕ್ಲಾರೆನ್ಸ್. “ಒಂದು ಹೀಬ್ರೂ ಪ್ರಾರ್ಥನೆ ಉಂಟು, ಯಹೂದಿಗಳದ್ದು. ಎದುರು ಒಬ್ಬರು ಹಾಡ್ಬೇಕು, ಹಿಂದಿನಿಂದ ನಾವೆಲ್ಲ ದನಿ ಸೇರಿಸುವುದು. ಬ್ರೋಶರಿನಲ್ಲಿ ನಿಮ್ಮ ಹೆಸರು ದೊಡ್ಡದಾಗಿ ಹಾಕುವ.”

ಹೀಬ್ರೂ ಯಾವ ಸೀಮೆಯ ಭಾಷೆ ಎಂದು ಕೇಳುವ ವ್ಯವಧಾನ ಭೀಮರಾಯನಿಗೆ ಇರಲಿಲ್ಲ. ಅವನ ಕಿವಿ ‘ದೊಡ್ಡದಾಗಿ’ ಎಂಬಲ್ಲೇ ನಿಂತುಬಿಟ್ಟಿತ್ತು.

“ಮುಂದ ಒಬ್ಬ, ಹಿಂದ ಹಿಮ್ಮೇಳ. ನಮ್ಮ ಭಜನಿ ಇದ್ದಂಗ ಆತಲ್ರಿ. ಹಾಡೋಣಂತ,” ಎಂದ.

ಕಲಿಸಲು ಜೆಫ್ರಿ ಬಂದ. ಇಂಗ್ಲೆಂಡಿನ ಯಹೂದಿ, ಸೊಹಾರ್ ಬಂದರಿನಲ್ಲಿ ಸಲಹೆಗಾರ. ಅವನ ತಂದೆ ಊರಿನ ಪ್ರಾರ್ಥನಾಮಂದಿರದಲ್ಲಿ ಇದೇ ಪ್ರಾರ್ಥನೆ ಹಾಡುತ್ತಿದ್ದನಂತೆ: ವರ್ಷಕ್ಕೊಮ್ಮೆ ಉಪವಾಸದ ದಿನ, ತಪ್ಪಾಯಿತು, ಕೈ ಬಿಡಬೇಡ ಎಂದು ಬೇಡಿಕೊಳ್ಳುವುದು. ರಜೆಯ ದಿನ ಬೆಳಿಗ್ಗೆ ಭೀಮರಾಯನ ಮನೆಯಲ್ಲಿ ಪಾಠ. ಜೆಫ್ರಿ ಮೊದಲು ಮಾಡಿದ ಕೆಲಸವೆಂದರೆ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಹಾಡಿನ ಹಾಳೆಯಲ್ಲಿ ದೇವರ ಹೆಸರು ಬಂದಲ್ಲೆಲ್ಲ ಪೆನ್ಸಿಲಿನಿಂದ ಗೀಟು ಎಳೆದು ಮೇಲೆ ‘ಹಾಶೇಮ್’ ಎಂದು ಬರೆದದ್ದು.

“ಹಾಶೇಮ್ ಅಂದರೆ ‘ಆ ಹೆಸರು’, ಅಷ್ಟೇ,” ಎಂದು ಜೆಫ್ರಿ ಇಂಗ್ಲಿಷಿನಲ್ಲಿ ಹೇಳಿದ. “ನಿಜವಾದ ಹೆಸರನ್ನು ನಿಜವಾದ ಪ್ರಾರ್ಥನೆಯಲ್ಲಿ ಮಾತ್ರ ಹೇಳುತ್ತೇವೆ. ಸುಮ್ಮಸುಮ್ಮನೆ ಹೇಳುವುದಿಲ್ಲ.”

ಭೀಮರಾಯ ಇದನ್ನು ಅಡುಗೆಮನೆಯಲ್ಲಿದ್ದ ಹೆಂಡತಿ ನಾಗವ್ವನಿಗೆ ಬೆರಗಿನಿಂದ ವರದಿ ಮಾಡಿದ. ನಾಗವ್ವನಿಗೆ ಬೆರಗಾಗಲಿಲ್ಲ. ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೆ ಬಾಯಿ ಬಿಡದೆ ಅವನ ಗುರುತಿನ ಚೀಟಿಯನ್ನೇ ಮುಂದೆ ಹಿಡಿಯುವ ಹೆಂಗಸು ಅವಳು.

“ಇದರಾಗೇನೈತ್ರಿ ಹೊಸಾದು? ನಾ ನಿಮ್ಮ ಹೆಸರು ಹೇಳತೇನೇನು? ಮದುವಿ, ಕುಬುಸ ಅಂದ್ರ ಮಾತ್ರ ಮಂದಿ ಮುಂದ ಒಡಪು ಹಾಕಿ ಹೇಳತೇನಿ. ಅವರದೂ ಹಂಗ.”

ಪ್ರಾಸ ಕಟ್ಟಿ, ಕೊನೆಗೆ ಗಂಡನ ಹೆಸರು ಸೇರಿಸಿ, ಸೆರಗು ಬಾಯಿಗಿಟ್ಟುಕೊಂಡು ನಗುವುದೇ ಒಡಪು. ಭೀಮರಾಯನ ತಲೆಯಲ್ಲಿ ದೀಪ ಹತ್ತಿತು. ಹಾಗಾದರೆ ಮನೆಯ ತಾಲೀಮಿನಲ್ಲಿ ಹಾಶೇಮ್. ಕಾರ್ಯದ ದಿನ, ಎಲ್ಲರೆದುರು, ಹೆಸರು ಹೇಳಲೇಬೇಕು. ಹೇಳದಿದ್ದರೆ ಅದೆಂಥ ಕಾರ್ಯ? ಒಂದು ಮಾತು ಜೆಫ್ರಿಯನ್ನು ಕೇಳಬಹುದಿತ್ತು. ಆದರೆ ವಿಜಯಪುರದ ಗಂಡಹೆಂಡತಿ ಇಬ್ಬರೂ ಒಮ್ಮತಕ್ಕೆ ಬಂದ ಮೇಲೆ ಯಹೂದಿಗಳ ಸಂಪ್ರದಾಯದ ಬಗ್ಗೆ ಯಹೂದಿಯನ್ನು ಕೇಳುವುದೇನಿದೆ!

ಅತ್ತ ಖುರುಮಿನಲ್ಲಿ ಹೋಟೆಲಿನ ಕಾರ್ಯಕ್ರಮಗಳನ್ನು ನೋಡಿಕೊಳ್ಳುವ ನಿಶ್ಮಿತಾ ಬ್ರೋಶರಿಗೆ ಕತ್ತರಿ ಹಿಡಿದು ಕುಳಿತಿದ್ದಳು.

“ಕ್ಲಾರೆನ್ಸ್ ಅಂಕಲ್, ಯಹೂದಿ ಅಂತೆಲ್ಲ ಪ್ರಿಂಟ್ ಮಾಡುದು ಬೇಡ. ಈಗಿನ ಸಿಚುಯೇಶನ್ ಗೊತ್ತುಂಟಲ್ಲ? ‘ಪ್ರಾಚೀನ ಗೀತೆ’ ಅಂತ ಹಾಕುವ, ಸೇಫ್. ಹಾಡುವವರ ಹೆಸರೂ ಬೇಡ. ನಾಳೆ ಅವರ ಕಂಪೆನಿಯಲ್ಲಿ ಯಾರಾದ್ರೂ ಕೇಳಿದ್ರೆ? ಅವರ ಒಳ್ಳೇದಕ್ಕೇ ಹೇಳುದು.”

ಬೇಡ ಎಂದು ಒಬ್ಬ ಒಮಾನಿಯೂ ಹೇಳಿರಲಿಲ್ಲ. ಹೇಳಿಯಾರು ಎಂದು ಮುಂಚಿತವಾಗಿ ಹೆದರುವ ಕೆಲಸವನ್ನು ನಮ್ಮವರೇ ಗುತ್ತಿಗೆ ಹಿಡಿದಿದ್ದರು. ಕ್ಲಾರೆನ್ಸ್ “ಅದೂ ಹೌದು” ಎಂದ. ಅವನ ಧೈರ್ಯವೆಲ್ಲ ಹಾಡು ಆರಿಸುವುದರಲ್ಲೇ ಖರ್ಚಾಗಿತ್ತು.

ಕಾರ್ಯಕ್ರಮದ ದಿನ ವೇದಿಕೆಯ ಹಿಂದೆ ಬ್ರೋಶರ್ ಕೈಗೆ ಬಂತು. ‘ಪ್ರಾಚೀನ ಗೀತೆ: ಸೊಹಾರಿನ ಗಾಯಕರೊಬ್ಬರಿಂದ’. ಭೀಮರಾಯ ಅದನ್ನು ತಿರುಗಿಸಿ ಹಿಂಬದಿ ನೋಡಿದ. ಅಲ್ಲಿ ಹಣ್ಣಿನ ರಸದ ಜಾಹೀರಾತಿತ್ತು.

“ಬೇಜಾರು ಮಾಡ್ಬೇಡಿ, ಕೊನೆಗೆ ಮೈಕಿನಲ್ಲಿ ಖಂಡಿತ ಹೇಳಿಸುವ,” ಎಂದ ಕ್ಲಾರೆನ್ಸ್.

ಜೆಫ್ರಿಯೂ ಬ್ರೋಶರ್ ಓದಿದ. “ಪ್ರಾಚೀನವಂತೆ! ನಮ್ಮಪ್ಪ ಅಷ್ಟೇನೂ ಮುದುಕನಾಗಿರಲಿಲ್ಲ,” ಎಂದು ಹೇಳಿ ಹೋಗಿ ಮುಂದಿನ ಸಾಲಿನಲ್ಲಿ ಕುಳಿತ.

ಭೀಮರಾಯನಿಗೆ ಪ್ಯಾಂಟು ಸರಿಮಾಡಿಕೊಂಡು ಮನೆಗೆ ಹೊರಟುಬಿಡೋಣ ಎನ್ನಿಸಿತು. ಆದರೆ ಒಪ್ಪಿಕೊಂಡ ದೇವರ ಕೆಲಸ. ಬೂಟು ಕಳಚಿಟ್ಟು, ಬರಿಗಾಲಲ್ಲಿ ವೇದಿಕೆಗೆ ಹೋದ. ಬೂಟು ಎಲ್ಲಿ ಎಂದು ನಿಶ್ಮಿತಾ ಸನ್ನೆ ಮಾಡಿದಳು. ಅವನು ಆ ಕಡೆ ನೋಡಲಿಲ್ಲ.

ಹಾಡು ಮೆಲ್ಲಗೆ ಎದ್ದಿತು. ಕ್ರೇನ್ ನಿಲ್ಲಿಸುವ ಗಂಟಲು ಅಂದು ಬೇಡುವ ಗಂಟಲಾಗಿತ್ತು. ಪೆನ್ಸಿಲ್ ಗೀಟಿದ್ದ ಜಾಗ ಬಂತು. ಭೀಮರಾಯ ಕಣ್ಣು ಮುಚ್ಚಿ, ಗೀಟಿನ ಕೆಳಗಿದ್ದ ಹೆಸರನ್ನೇ ದನಿಯೆತ್ತಿ ಕರೆದ. ಹಿಮ್ಮೇಳ ಹಾಶೇಮ್ ಎನ್ನುತ್ತಲೇ ತಡವರಿಸಿತು. ಕ್ಲಾರೆನ್ಸನ ಕೈ ಗಾಳಿಯಲ್ಲಿ ನಿಂತಿತು.

ಜೆಫ್ರಿ ಎದ್ದು ನಿಂತ. ಬೈಯಲು ಎದ್ದನೆಂದೇ ಭೀಮರಾಯನಿಗೆ ಅನ್ನಿಸಿತು. ಆದರೆ ಜೆಫ್ರಿ ಜೇಬಿನಿಂದ ಕರವಸ್ತ್ರ ತೆಗೆದು, ಪ್ರಾರ್ಥನಾಮಂದಿರದಲ್ಲಿ ನಿಂತವನಂತೆ ತಲೆಯ ಮೇಲೆ ಹಾಕಿಕೊಂಡ. ಹಾಡು ಮುಗಿಯುವತನಕ ಹಾಗೇ ನಿಂತಿದ್ದು, “ಆಮೆನ್,” ಎಂದ. ಪಕ್ಕದಲ್ಲಿದ್ದ ಹಿರಿಯ ಒಮಾನಿ ಎರಡೂ ಅಂಗೈ ಮುಂದೆ ಚಾಚಿ “ಆಮೀನ್” ಎಂದರು. ಹಿಂದಿನ ಸಾಲುಗಳಲ್ಲೂ ಒಂದಿಷ್ಟು ದನಿಗಳು ಕೇಳಿದವು. ಹಾಡಿದ್ದು ಪ್ರಾರ್ಥನೆ ಎಂದು ತಿಳಿಯಲು ಯಾರಿಗೂ ಬ್ರೋಶರ್ ಬೇಕಾಗಲಿಲ್ಲ.

ವಿರಾಮದಲ್ಲಿ ಜೆಫ್ರಿ ಒಳಗೆ ಬಂದ.

“ಹೆಸರು ಹೇಳಿಬಿಟ್ಟೆಯಲ್ಲ ಭೀಮ್!”

“ತಪ್ಪಾಯಿತೇ? ಎಲ್ಲರ ಮುಂದೆ ಹೇಳಬೇಕು ಅಂದುಕೊಂಡೆ.”

“ಹೋಟೆಲಿನ ಕಾರ್ಯಕ್ರಮ ಪ್ರಾರ್ಥನೆಯಲ್ಲ. ಹೇಳಬಾರದಿತ್ತು,” ಎಂದ ಜೆಫ್ರಿ. ಆಮೇಲೆ ಕಣ್ಣೊರೆಸಿಕೊಂಡ. “ಆದರೆ ನಾನು ಆಮೆನ್ ಅಂದುಬಿಟ್ಟೆ. ಇನ್ನು ನಿನ್ನ ಮೇಲೆ ದೂರು ಹೇಳುವ ಮುಖ ನನಗಿಲ್ಲ.”

ಕೊನೆಯಲ್ಲಿ ವಂದನಾರ್ಪಣೆ. ನಿಶ್ಮಿತಾ ಹೋಟೆಲಿನ ಒಡೆಯರನ್ನು ನೆನೆದಳು, ಧ್ವನಿವರ್ಧಕದವರನ್ನು ನೆನೆದಳು, ಹೂಗುಚ್ಛದವರನ್ನು, ಹಣ್ಣಿನ ರಸದವರನ್ನು ಎರಡು ಸಲ ನೆನೆದಳು. “ಆ್ಯಂಡ್ ಪ್ರಾಚೀನ ಗೀತೆ ಹಾಡಿದ ಸೊಹಾರಿನ ನಮ್ಮ ಫ್ರೆಂಡ್‌ಗೂ ಥ್ಯಾಂಕ್ಸ್!” ಕ್ಲಾರೆನ್ಸ್ ತನ್ನ ಬೂಟು ನೋಡಿಕೊಂಡ. ವೇದಿಕೆಯ ಅಂಚಿನಲ್ಲಿ ಬರಿಗಾಲಲ್ಲಿ ನಿಂತಿದ್ದ ಭೀಮರಾಯ ನಗಲು ನೋಡಿದ. ಆಗಲಿಲ್ಲ. ಇಷ್ಟು ವಯಸ್ಸಾದ ಮೇಲೂ ಇದಕ್ಕೆಲ್ಲ ಅಳು ಬರುತ್ತದಲ್ಲ ಎಂದು ತನ್ನ ಮೇಲೇ ಅವನಿಗೆ ಸಿಟ್ಟು ಬಂತು.

ಅಷ್ಟರಲ್ಲಿ ನಡುವಿನ ಸಾಲಿನಲ್ಲಿ ನಾಗವ್ವ ಎದ್ದಳು. ಸೆರಗು ಹೊದ್ದುಕೊಂಡಳು. ಅವಳಿಗೆ ಮೈಕು ಯಾರೂ ಕೊಡಲಿಲ್ಲ. ಅಂಥ ಗಂಡನ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಅದು ಬೇಕಾಗಿಯೂ ಇರಲಿಲ್ಲ.

“ಸೊಹಾರಿನ ಕಬ್ಬಿಣ ಕಾದ್ರ ಕೆಂಪ, ಖುರುಮಿನ ಹೋಟೆಲಿನ ಗಾಳಿ ತಂಪ, ದೇವರನ್ನ ಹೆಸರು ಹಿಡಿದು ಕರದವ್ರು ನಮ್ಮ ಭೀಮರಾಯರು!”

ನಾಗವ್ವ ಸೆರಗು ಬಾಯಿಗಿಟ್ಟುಕೊಂಡು ಕುಳಿತಳು. ಭೀಮರಾಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮುಂದಿನ ಸಾಲಿನಲ್ಲಿ, ಕನ್ನಡದ ಒಂದಕ್ಷರವೂ ತಿಳಿಯದ ಜೆಫ್ರಿ, ಅವಳು ಹೇಳಿದ್ದರಲ್ಲಿ ಆ ಹೆಸರೊಂದನ್ನು ಮಾತ್ರ ಗುರುತಿಸಿ, ಮತ್ತೆ ಎದ್ದು ನಿಂತು “ಆಮೆನ್” ಎಂದ.