ಮಂಗಳಗೌರಿ ತನ್ನ ಕಾರಿಗೆ ಬೆಲೆ ಕಟ್ಟಿಸಿದ್ದು

ಗುಬ್ಬಿಯ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ರವಿಕೆ ಹೊಲಿಯುತ್ತಿರುವ ಮಂಗಳಗೌರಿ ಕಾರು ಓಡಿಸಲು ಕಲಿತದ್ದು ನಲವತ್ತಮೂರನೆಯ ವಯಸ್ಸಿನಲ್ಲಿ. ಗಂಡ ತಿಮ್ಮರಾಜು ಹೈಸ್ಕೂಲಿನಲ್ಲಿ ಗುಮಾಸ್ತ. ಸ್ಟೇರಿಂಗ್ ಮುಟ್ಟಿದರೆ ಅವನ ಅಂಗೈ ಬೆವರುತ್ತದೆ. ಅವಳೇ ಓಡಿಸುವಾಗಲೂ ಪಕ್ಕದಲ್ಲಿ ಕೂತು, ಕಿಟಕಿಯ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದಾರಿಯುದ್ದಕ್ಕೂ ಬ್ರೇಕ್ ಇಲ್ಲದ ಕಡೆ ಕಾಲು ಒತ್ತುತ್ತಿದ್ದ. ಕಾರು ಸೆಕೆಂಡ್ ಹ್ಯಾಂಡಿನದು, ಬಿಳಿಯದು, ಚಿಕ್ಕದು. ಸೀಟಿನ ಕವರುಗಳನ್ನೆಲ್ಲ ಅವಳೇ ಹೊಲಿದಿದ್ದಳು.

ಕಳೆದ ಮೇ ತಿಂಗಳಲ್ಲಿ ತಂಗಿ ಬಿಂದುಶ್ರೀಯ ಮನೆಯ ಗೃಹಪ್ರವೇಶಕ್ಕೆ ಇಬ್ಬರೂ ಅದೇ ಕಾರಿನಲ್ಲಿ ಅಮೃತೂರಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಕೂತು ಎಲೆಗೆ ಒಬ್ಬಟ್ಟು ಬೀಳುವ ಹೊತ್ತಿಗೆ ಜೋರು ಗಾಳಿ ಎದ್ದಿತು. ಹೊರಗೆ ಏನೋ ಮುರಿದು ಬಿದ್ದ ಸದ್ದು. ಎಲ್ಲರೂ ಓಡಿಹೋಗಿ ನೋಡಿದರೆ ರಸ್ತೆ ಬದಿಯ ಹಳೇ ಹುಣಸೆಮರ ಬುಡಸಮೇತ ಕಾರಿನ ಮೇಲೆ ಮಲಗಿತ್ತು. ಮಂಗಳಗೌರಿ ಮೊದಲು ಬಗ್ಗಿ, ಒಳಗೆ ಮಕ್ಕಳು ಯಾರೂ ಆಡುತ್ತಿರಲಿಲ್ಲ ತಾನೆ ಎಂದು ನೋಡಿದಳು. ಯಾರೂ ಇರಲಿಲ್ಲ. ಫೋನಿನಲ್ಲಿ ನಾಲ್ಕು ಫೋಟೊ ತೆಗೆದಳು. ಆಮೇಲೆ ಒಳಗೆ ಬಂದು ತನ್ನ ಎಲೆಯ ಮುಂದೆಯೇ ಕೂತು, ತುಪ್ಪ ಹಾಕಿಸಿಕೊಂಡು ಒಬ್ಬಟ್ಟು ಮುಗಿಸಿದಳು. ತಂಗಿ ಅಳುತ್ತಿದ್ದಳು, ಅವಳನ್ನು ಸಮಾಧಾನ ಮಾಡುವ ಕೆಲಸವೂ ಇವಳಿಗೇ ಬಿತ್ತು.

ಮರವನ್ನು ಕೊಯ್ದು ತೆಗೆಸಿ, ಕಾರನ್ನು ತುಮಕೂರಿನ ಗ್ಯಾರೇಜಿಗೆ ಎಳೆಸಿದರು. ರಿಪೇರಿಗೆ ಎರಡು ಲಕ್ಷದ ಅರವತ್ತೈದು ಸಾವಿರ ಆಗುತ್ತದೆಂದು ಗ್ಯಾರೇಜಿನವರು ಬರೆದುಕೊಟ್ಟರು. ಪಾಲಿಸಿಯಲ್ಲಿ ಕಾರಿನ ಬೆಲೆಯೇ ಎರಡು ಲಕ್ಷದ ಎಂಬತ್ತು ಸಾವಿರ. ನಷ್ಟ ಅಳೆಯಲು ಇನ್ಶೂರೆನ್ಸ್ ಕಂಪನಿ ಕಳಿಸಿದ ಸರ್ವೇಯರ್ ಕಿರಣ್‌ಕುಮಾರ್ ಸುತ್ತಲೂ ತಿರುಗಿ ನೋಡಿ, ರಿಪೇರಿ ಖರ್ಚು ಪಾಲಿಸಿ ಬೆಲೆಯ ಮುಕ್ಕಾಲು ಪಾಲು ದಾಟಿರುವುದರಿಂದ ಇದು ಪೂರ್ತಿ ನಷ್ಟದ ಕೇಸು ಎಂದರು. ಮಂಗಳಗೌರಿಗೆ ನಿರಾಳವಾಯಿತು. ಇನ್ನೇನು, ದುಡ್ಡು ಬಂದಂತೆಯೇ ಅಂದುಕೊಂಡಳು.

ವಾರ ಬಿಟ್ಟು ಶಿರಾ ಗೇಟ್ ಹತ್ತಿರದ ಆಫೀಸಿಗೆ ಕರೆಸಿದ ಕಿರಣ್‌ಕುಮಾರ್ ಒಂದು ಒಪ್ಪಿಗೆ ಪತ್ರ ಮುಂದಿಟ್ಟರು. ಜಜ್ಜಿಹೋದ ಸ್ಥಿತಿಯಲ್ಲೂ ಕಾರು ಒಂದು ಲಕ್ಷದ ಇಪ್ಪತ್ತು ಸಾವಿರ ಬಾಳುತ್ತದಂತೆ. ಅದನ್ನು ಅವಳೇ ಇಟ್ಟುಕೊಳ್ಳಬೇಕು. ಅಷ್ಟನ್ನೂ, ಯಾವ ಕ್ಲೇಮಿನಲ್ಲೂ ಮಾಲೀಕರೇ ಹೊರಬೇಕಾದ ಒಂದು ಸಾವಿರವನ್ನೂ ಕಳೆದು ಕಂಪನಿ ಒಂದು ಲಕ್ಷದ ಐವತ್ತೊಂಬತ್ತು ಸಾವಿರ ಕೊಡುತ್ತದೆ. ಇವತ್ತೇ ಸೈನ್ ಹಾಕಿದರೆ ಹತ್ತು ದಿನದಲ್ಲಿ ಹಣ.

"ಹಾಕ್ಬುಡು ಗೌರಿ, ಬಂದಷ್ಟು ಬರ್ಲಿ" ಎಂದು ತಿಮ್ಮರಾಜು ಪಿಸುಗುಟ್ಟಿದ.

ಅವಳು ಪೆನ್ನು ಮುಟ್ಟಲಿಲ್ಲ. ಮನೆಯಲ್ಲಿ ಓದಿ ಹೇಳುತ್ತೇನೆಂದು ಪತ್ರವನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು.

ಅಂಗಡಿಯಲ್ಲಿ ಕೂತು ಅದನ್ನು ಮೂರು ಸಲ ಓದಿದಳು. ಕಾರಿಗೆ ಅಷ್ಟು ಬೆಲೆ ಕಟ್ಟಿದವರು ಯಾರು, ಕೊಳ್ಳುವವರು ಯಾರು ಎಂಬುದು ಎಲ್ಲೂ ಇರಲಿಲ್ಲ. ಮರುದಿನವೇ ಗಂಡನಿಗೆ ರಜೆ ಹಾಕಿಸಿ, ಬಸ್ಸು ಹತ್ತಿಸಿಕೊಂಡು ಹೊರಟಳು. ತುಮಕೂರಿನಲ್ಲಿ ಅಪಘಾತದ ಗಾಡಿಗಳನ್ನು ಕೊಳ್ಳುವ ಇಬ್ಬರನ್ನು ಗ್ಯಾರೇಜಿಗೆ ಕರೆದೊಯ್ದು ಕಾರು ತೋರಿಸಿದಳು. ಒಬ್ಬ ಎಪ್ಪತ್ತು ಸಾವಿರ ಅಂದ, ಇನ್ನೊಬ್ಬ ಅರವತ್ತೈದಕ್ಕಿಂತ ಮೇಲೇಳಲಿಲ್ಲ. ಇಬ್ಬರ ಕೈಯಲ್ಲೂ ಅದನ್ನು ಚೀಟಿಯಲ್ಲಿ ಬರೆಸಿಕೊಂಡಳು. ಅದೇ ವ್ಯಾಪಾರದ ಕುಣಿಗಲ್ಲಿನ ದ್ಯಾವಪ್ಪ ಫೋಟೊ ನೋಡಿಯೇ ಎಪ್ಪತ್ತೆರಡು ಅಂದ. ಅದನ್ನು ಬರೆದುಕೊಡಬೇಕು ಎಂದಾಗ ಮಾತ್ರ ತಬ್ಬಿಬ್ಬಾದ. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲವಂತೆ. ಕೊನೆಗೆ ನಾಲ್ಕು ಸಾಲಿನಲ್ಲಿ ಆರು ತಪ್ಪು ಮಾಡಿ ಬರೆದು, ಅಂಗಡಿಯ ಸೀಲನ್ನು ಎರಡು ಸಲ ಒತ್ತಿಕೊಟ್ಟ.

ಇಷ್ಟು ಹೊತ್ತೂ ಗೊಣಗುತ್ತಿದ್ದ ತಿಮ್ಮರಾಜುವಿಗೆ ಕಂಪನಿಗೆ ಅರ್ಜಿ ಬರೆಯಬೇಕು ಎಂದ ಕೂಡಲೆ ಜೀವ ಬಂತು. ವಿಷಯ, ಉಲ್ಲೇಖ, ಲಗತ್ತುಗಳು ಎಂದು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಎರಡು ಪುಟ ಬರೆದ. ಸಲ್ಲಿಸುವಾಗ ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸದೆ ಕೌಂಟರಿನಿಂದ ಕದಲಲಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡನ ಬಗ್ಗೆ ಅಷ್ಟು ಹೆಮ್ಮೆ ತನಗೆ ಯಾವತ್ತೂ ಆಗಿರಲಿಲ್ಲ ಎಂದು ಮಂಗಳಗೌರಿ ಈಗಲೂ ಹೇಳುತ್ತಾಳೆ.

ಕಿರಣ್‌ಕುಮಾರ್ ಮತ್ತೆ ಕರೆಸಿ, ಕಾರಿನ ಬೆಲೆಯನ್ನು ಒಂದು ಲಕ್ಷಕ್ಕೆ ಇಳಿಸುವುದಾಗಿ ಹೇಳಿದರು. ಅವಳಿಗೆ ಸಿಟ್ಟು ಬರಲಿಲ್ಲ. ಮುಂದಿನ ಅಂಗಡಿಯಲ್ಲಿ ಐವತ್ತು ರೂಪಾಯಿ ಕಮ್ಮಿಗೆ ಹೊಲಿಯುತ್ತಾರೆ ಎನ್ನುವ ಗಿರಾಕಿಗಳನ್ನು ದಿನಬೆಳಗಾದರೆ ನೋಡುವವಳು ಅವಳು. ಅಂಥವರ ಜತೆ ಅವಳು ವಾದಕ್ಕೆ ಇಳಿಯುವುದಿಲ್ಲ. ಬಟ್ಟೆಯನ್ನು ನೀಟಾಗಿ ಮಡಿಸಿ, ಅಲ್ಲೇ ಕೊಡಿ ಎಂದು ವಾಪಸ್ ಕೈಗಿಡುತ್ತಾಳೆ. ಇಲ್ಲಿಯೂ ಮೂರು ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಅದನ್ನೇ ಮಾಡಿದಳು.

"ಸಾರ್, ನಾನ್ ಮಾರಕ್ ಹೋದ್ರೆ ಅದು ಎಪ್ಪತ್ ಸಾವ್ರದ್ ಗಾಡಿ. ನಿಮ್ ಲೆಕ್ಕದಲ್ಲಿ ಲಕ್ಷದ್ ಗಾಡಿ. ಅಂಗಾದ್ರೆ ಗಾಡಿ ನೀವೇ ತಗೊಳಿ, ನಂಗೆ ಪಾಲಿಸಿ ದುಡ್ಡು ಪೂರ್ತಿ ಕೊಟ್ಬುಡಿ. ಲಾಭ ನಿಮ್ಗೇ ಇರ್ಲಿ."

ಕಿರಣ್‌ಕುಮಾರ್ ಚೀಟಿಗಳನ್ನು ಒಂದೊಂದಾಗಿ ಓದಿದರು. ದ್ಯಾವಪ್ಪನ ಚೀಟಿ ಬಂದಾಗ ನಗು ತಡೆಯಲಾಗಲಿಲ್ಲ.

"ಮೇಡಂ, ನಿಜ ಹೇಳ್ತೀನಿ. ನಾನ್ ಹಾಕಿರೋದು ಅಂದಾಜು ರೇಟು. ಯಾರೂ ಇದನ್ನ ಕೇಳಲ್ಲ, ಸೈನ್ ಹಾಕ್ಬಿಟ್ಟು ಹೋಗ್ತಾರೆ."

"ನಾನ್ ಕೇಳ್ದೆ ಅಷ್ಟೇ ಸಾರ್" ಎಂದಳು ಮಂಗಳಗೌರಿ.

ಅವರು ಕಾರನ್ನು ಹರಾಜಿಗೆ ಹಾಕಲು ಒಪ್ಪಿದರು. ಅಲ್ಲಿ ಎಷ್ಟೇ ಬರಲಿ, ಪಾಲಿಸಿ ಬೆಲೆಗೆ ಕಮ್ಮಿ ಬಿದ್ದದ್ದನ್ನು ಕಂಪನಿ ತುಂಬಿಕೊಡಬೇಕು. ಆಮೇಲೆ ಕಾಯುವ ಕೆಲಸ. ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಅವಳು ಫೋನ್ ಮಾಡಿ, ಮೊದಲು ಕ್ಷೇಮ ವಿಚಾರಿಸಿ, ಆಮೇಲೆ ಹರಾಜು ವಿಚಾರಿಸುತ್ತಿದ್ದಳು. ಆರನೆಯ ಸೋಮವಾರ ಅವಳಿಗಿಂತ ಮುಂಚೆ ಕಿರಣ್‌ಕುಮಾರರೇ ಫೋನ್ ಮಾಡಿದರು. ಕಾರು ಹೋದದ್ದು ಎಪ್ಪತ್ತನಾಲ್ಕು ಸಾವಿರಕ್ಕೆ. ಕೊಂಡವರು ಅಷ್ಟು ಕೊಟ್ಟರು, ಮಾಲೀಕರ ಪಾಲಿನ ಸಾವಿರ ಕಳೆದು ಕಂಪನಿ ಎರಡು ಲಕ್ಷದ ಐದು ಸಾವಿರ ಹಾಕಿತು. ಮೊದಲ ದಿನ ಸೈನ್ ಹಾಕಿ ಕಾರನ್ನು ದ್ಯಾವಪ್ಪನಿಗೆ ಮಾರಿದ್ದರೆ ನಲವತ್ತೆಂಟು ಸಾವಿರ ಕಮ್ಮಿ ಸಿಗುತ್ತಿತ್ತು.

ಆ ದಿನ ಅಂಗಡಿಗೆ ಬಂದವರಿಗೆಲ್ಲ ತಿಮ್ಮರಾಜು ಮೈಸೂರ್ ಪಾಕ್ ಹಂಚಿದ. ಎರಡು ತಿಂಗಳಲ್ಲಿ ಇನ್ನೊಂದು ಸೆಕೆಂಡ್ ಹ್ಯಾಂಡ್ ಕಾರು ಬಂತು, ಈ ಸಲ ನೀಲಿಯದು.

ಸುದ್ದಿ ಹೇಗೋ ಹಬ್ಬಿತು. ಈಗ ಕೆಲವರು ರವಿಕೆ ಬಟ್ಟೆಯ ಜತೆಗೆ ಪಾಲಿಸಿಯನ್ನೂ ತರುತ್ತಾರೆ. ಮೊನ್ನೆ ಹುಲಿಯೂರುದುರ್ಗದಿಂದ ಕರಿಸಿದ್ದಪ್ಪ ಎಂಬ ಹಿರಿಯರು ಬಂದು, ಕಂಪನಿಯವರು ಸೈನ್ ಹಾಕಲು ಕೊಟ್ಟ ಕಾಗದ ತೋರಿಸಿದರು. ಹೊಳೆಯ ನೀರಲ್ಲಿ ಮುಳುಗಿದ ಕಾರಂತೆ. ಅವಳು ಮಿಷನ್ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಓದಿದಳು.

"ಅಣ್ಣಾ, ಇದಕ್ಕೆ ಇವತ್ತು ಸೈನ್ ಹಾಕ್ಬ್ಯಾಡಿ. ಗಾಡಿ ಎಲ್ಲೈತೆ, ಮೊದ್ಲು ಅದನ್ ಹೇಳಿ" ಎಂದು, ಅವರಿಗೆ ಸ್ಟೂಲು ಎಳೆದುಕೊಟ್ಟು, ಎದುರಿನ ಹೋಟೆಲಿಗೆ ಎರಡು ಟೀ ಹೇಳಿದಳು.