ಅಜ್ಜಿಗೂ ಒಂದು ತಟ್ಟೆ

"ತಾತ, ಈಗ್ಲೇ ತಿನ್ಬೇಡ! ಅಜ್ಜಿಗೆ ತಟ್ಟೆನೇ ಇಲ್ಲ."

ಮಾವನವರು ಮುರಿದ ಮುದ್ದೆಯ ತುತ್ತು ಕೈಯಲ್ಲೇ ನಿಂತಿತು. ಮೂರು ವರ್ಷದ ಮಗಳು ಅಡುಗೆಮನೆಗೆ ಓಡಿ, ತಟ್ಟೆ ತಂದು ನಮ್ಮ ಸಾಲಿನಲ್ಲಿಟ್ಟಳು. ಅವಳ ಅಂಗನವಾಡಿಯಲ್ಲಿ ಎಲ್ಲರಿಗೂ ಬಡಿಸುವವರೆಗೆ ಯಾರೂ ತಿನ್ನುವಂತಿಲ್ಲ. ನಮ್ಮ ಮನೆಯಲ್ಲಿ ಬಡಿಸುವ ಅತ್ತೆ ಉಣ್ಣುತ್ತಿದ್ದುದು ಎಲ್ಲರದೂ ಮುಗಿದ ಮೇಲೆ.

ನಾನು ಹುಣಸೂರಿಗೆ ಕೆಲಸಕ್ಕೆ ಹೊರಟಾಗ, ಮಗುವನ್ನು ಅಂಗನವಾಡಿಗೆ ಬಿಡಬೇಡವೆಂದು ಹಟ ಹಿಡಿದವರು ಅತ್ತೆಯೇ. ಯಾರೊಂದಿಗೂ ಬೆರೆಯದ ಮಗು ಅಲ್ಲಿ ಇನ್ನಷ್ಟು ಮಂಕಾದೀತೆಂಬ ಭಯ ನನಗೂ ಇತ್ತು.

"ಬಾ ಅಜ್ಜಿ, ಎಲ್ರೂ ಕಾಯ್ತಾವ್ರೆ," ಎಂದು ಮಗಳು ಅತ್ತೆಯ ಸೆರಗೆಳೆದಳು.

"ನೀನೇ ಟೀಚರಾಗ್ಬುಟ್ಟೆ ಕಣವ್ವ, ಕೂತ್ಕತೀನಿ ಬುಡು!" ಎಂದು ಅತ್ತೆ ನಗುತ್ತ ಕುಳಿತರು.

ಈಗ ಸಾರಿನ ಪಾತ್ರೆ ನಮ್ಮೆಲ್ಲರ ನಡುವೆಯೇ ಇರುತ್ತದೆ. ಬೆಳಿಗ್ಗೆ ಮಗಳನ್ನು ಅಂಗನವಾಡಿಗೆ ಬಿಟ್ಟುಬರುವವರು ಅತ್ತೆ.