ಏರಿಯ ಮೇಲೆ ನೆಟ್ಟ ಆಲದ ಗೂಟಗಳು

ನಾನು ಚಿಕ್ಕವಳಿದ್ದಾಗ, ಆಗಿನ್ನೂ ಮೂರನೇ ಕ್ಲಾಸು, ನಮ್ಮ ಸೊಕ್ಕೆ ಊರಿಗೆ ಒಮ್ಮೆ ಸಮುದ್ರದ ಗಾಳಿ ಬಂದಿತ್ತು. ನಮ್ಮೂರಲ್ಲಿ ಸಮುದ್ರ ಕಂಡವರೇ ಇರಲಿಲ್ಲ. ಆದರೆ ಮೂಡಣ ಕರಾವಳಿಯಲ್ಲಿ ಎದ್ದ ಚಂಡಮಾರುತದ ಬಾಲ ಜಗಳೂರು ಸೀಮೆಯವರೆಗೂ ಬೀಸಿ, ಎರಡು ದಿನ ಬಿಡದೆ ಗಾಳಿಮಳೆ ಹೊಡೆಯಿತು. ನಾವು ಮನೆಯ ಮಣ್ಣಿನ ಮಾಳಿಗೆ ಸೋರುವ ಕಡೆಯೆಲ್ಲ ಪಾತ್ರೆ ಇಟ್ಟು, ಹುರಿದ ಶೇಂಗಾ ತಿನ್ನುತ್ತಾ ಕೂತಿದ್ದೆವು.

ಮೂರನೆಯ ದಿನ ಬೆಳಿಗ್ಗೆ ಗಾಳಿ ನಿಂತಿತು. ಪಕ್ಕದ ಗುಡಿಸಲು ಹಾರಿಹೋಗಿದ್ದು ಹೊಸ್ತಿಲಿಂದಲೇ ಕಂಡರೂ, ಏರಿ ಒಡೆದೀತೆಂಬ ಭಯದಲ್ಲಿ ಅಪ್ಪನ ಹಿಂದೆ ನಾನೂ ಅಕ್ಕನೂ ಕೆರೆಯ ಕಡೆ ಓಡಿದೆವು. ಏರಿಯ ಮೇಲಿದ್ದ ದೊಡ್ಡ ಆಲದ ಮರ ಉರುಳಿ ಬಿದ್ದಿತ್ತು. ಬೇರಿನ ಜೊತೆ ಏರಿಯ ಮಣ್ಣೂ ಕಿತ್ತು ಬಂದು, ಎತ್ತಿನ ಗಾಡಿ ಹಿಡಿಸುವಷ್ಟು ದೊಡ್ಡ ಗುಂಡಿಯಾಗಿತ್ತು. ಎಲ್ಲೆಲ್ಲೂ ಹಸಿ ಮಣ್ಣಿನ, ಮುರಿದ ಎಲೆಗಳ ವಾಸನೆ. ಗೂಡು ಕಳೆದುಕೊಂಡ ಹಕ್ಕಿಗಳು ಕೂಗುತ್ತಾ ಸುತ್ತುತ್ತಿದ್ದವು.

ಜನ ಆಗಲೇ ಕೊಡಲಿ ಹಿಡಿದು ಬಂದಿದ್ದರು. ಅಪ್ಪ ಅವರನ್ನು ತಡೆದರು.

"ಸೌದೆ ಮಾಡಾಕೆ ಬ್ಯಾಡ್ರಿ. ಗುಂಡಿ ಮುಚ್ಚಿ, ಕೊಂಬೆನೆಲ್ಲ ಗೂಟ ಮಾಡಿ ಏರಿ ಉದ್ದಕ್ಕೂ ನೆಡಾಣ. ಆಲ ಗೂಟದಾಗೂ ಚಿಗುರ್ತೈತೆ. ಬೇರಿನ ಹಿಡಿತ ಇಲ್ದಿದ್ರೆ ಏರಿ ನಿಲ್ಲಲ್ಲ."

ಕುರಿ ಸಾಕುತ್ತಿದ್ದ ಪಕ್ಕದ ಮನೆಯ ಮಾವ ಮುಂದೆ ಬಂದರು. "ನಿಮ್ಮ ಮಾಳಿಗೆ ನಿಂತೈತೆ, ಅದಕ್ಕೆ ಹಿಂಗೆ ಮಾತಾಡ್ತೀರಿ. ನನ್ನ ಗುಡಿಸ್ಲು ಹಾರಿ ಹೋಗೈತೆ. ಕೈಗೂಸು ಇಟ್ಕಂಡು ಎಲ್ಲಿಗೆ ಹೋಗ್ಲಿ? ನನಗೆ ಇವತ್ತೇ ಕಂಬ ಬೇಕು."

ನಮ್ಮ ಕೊಟ್ಟಿಗೆಯಲ್ಲಿ ಕಂಬಗಳಿದ್ದವು. ಅಕ್ಕನ ಮದುವೆಯ ಚಪ್ಪರಕ್ಕೆಂದು ಅಪ್ಪ ಒಂದೊಂದಾಗಿ ಕೂಡಿಟ್ಟಿದ್ದ ಕಂಬಗಳು. ಅಪ್ಪ ಅಕ್ಕನ ಮುಖ ನೋಡಿದರು.

"ಕೊಟ್ಬಿಡಪ್ಪ," ಎಂದಳು ಅಕ್ಕ. "ಚಪ್ಪರ ಇಲ್ದಿದ್ರೂ ಮದ್ವೆ ಆಗ್ತೈತೆ. ಕೂಸು ಬಯಲಾಗೆ ಮಲಗಾಕೆ ಆಗಲ್ಲ."

ಮಧ್ಯಾಹ್ನದ ಹೊತ್ತಿಗೆ ಮಾವನ ಗುಡಿಸಲು ಎದ್ದು ನಿಂತಿತು. ಆಮೇಲೆ ಮಾವನೇ ಕೊಡಲಿ ತಂದು ಗೂಟ ಕಡಿಯಲು ಕೂತರು. ಊರಿನವರೆಲ್ಲ ಪುಟ್ಟಿಯಲ್ಲಿ ಮಣ್ಣು ಹೊತ್ತು ಗುಂಡಿ ತುಂಬಿದರು. ಮಾವ ತಮ್ಮ ಕುರಿ ಹಿಂಡನ್ನು ಅದರ ಮೇಲೆ ಓಡಾಡಿಸಿದರು. ನೂರಾರು ಗೊರಸು ತುಳಿದು ಮಣ್ಣು ಬಿಗಿಯಾಯಿತು. ಗೂಟಗಳನ್ನು ಏರಿ ಉದ್ದಕ್ಕೂ ನೆಟ್ಟ ಮೇಲೆ, ಕಡಿದ ತುದಿ ಒಣಗದಿರಲೆಂದು ಹೆಂಗಸರು ಅದಕ್ಕೆ ಸಗಣಿ ಮೆತ್ತಿದರು. ಅದೇ ಕುರಿಗಳು ಮುಂದೆ ಚಿಗುರು ತಿನ್ನಬಾರದೆಂದು ನಾವು ಮಕ್ಕಳು ಜಾಲಿಮುಳ್ಳು ಎಳೆದು ತಂದು ಬೇಲಿ ಕಟ್ಟಿದೆವು. ನನ್ನ ಅಂಗೈಗೆ ಮುಳ್ಳು ಮುರಿದಾಗ ಅಕ್ಕ ಪಿನ್ನಿನಿಂದ ತೆಗೆದು, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ತುಂಡನ್ನು ನನ್ನ ಬಾಯಿಗೆ ತುರುಕಿದಳು. ಆ ಚಟ್ನಿಯ ಖಾರ ಈಗಲೂ ನಾಲಗೆಯಲ್ಲಿದೆ.

ಕೆಲವು ಗೂಟಗಳು ಒಣಗಿದವು. ಹೆಚ್ಚಿನವು ಬೇಸಿಗೆಗೆ ಮೊದಲೇ ಕೆಂಪಗೆ ಚಿಗುರಿದವು. ಮರುವರ್ಷದ ಮಳೆಗೆ ಏರಿ ಜಗ್ಗಲಿಲ್ಲ. ಅಕ್ಕನ ಮದುವೆ ಶಾಲೆಯ ಮುಂದಿನ ಬೇವಿನ ನೆರಳಿನಲ್ಲಿ ನಡೆಯಿತು.

ಮಕ್ಕಳೇ, ಈಗ ಎಲ್ಲೋ ಸಮುದ್ರದಲ್ಲಿ ಗಾಳಿ ಎದ್ದರೆ ಸಾಕು, ನಿಮ್ಮ ಫೋನಿಗೆ ಸುದ್ದಿ ಬರುತ್ತದೆ. ಒಳ್ಳೆಯದೇ ಆಯಿತು. ನಮಗೆ ಗಾಳಿ ಬಾಗಿಲು ಬಡಿದಾಗಲೇ ಗೊತ್ತಾಗುತ್ತಿತ್ತು. ಆದರೆ ಗಾಳಿ ನಿಂತ ಮೇಲೆ ಯಾರ ಮನೆಯ ಸೂರು ಹೋಗಿದೆ ಎಂದು ನಮಗೆ ಯಾರೂ ಹೇಳಬೇಕಿರಲಿಲ್ಲ. ಹೊಸ್ತಿಲಲ್ಲಿ ನಿಂತರೆ ಊರೆಲ್ಲ ಕಾಣುತ್ತಿತ್ತು.